ಮಾಡಿದವನೇ ಕಾಯುವವನು: ಕ್ರಿಸ್ತನ ಸೃಷ್ಟಿಕರ್ತೃತ್ವದ ವಿವಾದವೂ ಅಥನೇಸಿಯಸನ ಬಾಳೂ

ಆಸ್ತಿಕನಾದ ಮನುಷ್ಯನ ಎದುರಿಗೆ ಎರಡು ಪ್ರಶ್ನೆಗಳು ಸದಾ ನಿಂತಿರುತ್ತವೆ. ಈ ಜಗತ್ತನ್ನು ಮಾಡಿದವರಾರು ಎಂಬುದು ಮೊದಲನೆಯದು. ಮಾಡಿದ ಮೇಲೆ ಇದನ್ನು ಕಾಯುವವರಾರು ಎಂಬುದು ಎರಡನೆಯದು. ಮೊದಲನೆಯದು ಪಂಡಿತರ ಗೋಷ್ಠಿಗೆ ಸೇರಿದುದೆಂದು ತೋರುತ್ತದೆ. ಎರಡನೆಯದನ್ನು ಬೆಳೆ ಒಣಗಿದ ರೈತನೂ ಕೇಳುತ್ತಾನೆ, ಮಗುವನ್ನು ಮಣ್ಣಿಗಿಟ್ಟ ತಾಯಿಯೂ ಕೇಳುತ್ತಾಳೆ. ಇವೆರಡೂ ಒಂದೇ ಬಳ್ಳಿಯ ಕುಡಿಗಳೆಂಬುದನ್ನು ಕ್ರೈಸ್ತಧರ್ಮವು ಸ್ಪಷ್ಟವಾಗಿ ಕಂಡುಕೊಂಡದ್ದು ಕ್ರಿ.ಶ. ನಾಲ್ಕನೆಯ ಶತಮಾನದಲ್ಲಿ, ಈಜಿಪ್ಟ್ ದೇಶದ ಅಲೆಕ್ಸಾಂಡ್ರಿಯ ನಗರದಲ್ಲಿ ಹುಟ್ಟಿದ ಒಂದು ಕಠಿನ ವಿವಾದದ ಮೂಲಕ. ಕ್ರಿಸ್ತನು ಸೃಷ್ಟಿಕರ್ತನೋ ಅಥವಾ ತಾನೂ ಸೃಷ್ಟಿಗೆ ಒಳಪಟ್ಟವನೋ ಎಂಬುದೇ ಆ ವಿವಾದದ ತಿರುಳು. ಅರ್ಧ ಶತಮಾನಕ್ಕೂ ಮಿಕ್ಕು ನಡೆದ ಈ ವಾಗ್ವಾದದಲ್ಲಿ ಚಕ್ರವರ್ತಿಗಳು ಪಕ್ಷ ವಹಿಸಿದರು, ಪರಿಷತ್ತುಗಳು ಕೂಡಿ ಚದುರಿದವು, ಧರ್ಮಾಧ್ಯಕ್ಷರು ಗಡೀಪಾರಾದರು. ಇದನ್ನು ಬರಿಯ ಶಬ್ದಕಲಹವೆಂದು ತಳ್ಳಿಹಾಕಿದವರು ಆ ಕಾಲದಲ್ಲಿಯೂ ಇದ್ದರು, ಅನಂತರವೂ ಇದ್ದಾರೆ. ಆದರೆ ವಿವಾದದ ಒಳಹೊಕ್ಕು ನೋಡಿದವರಿಗೆ, ಮನುಷ್ಯನು ತನ್ನ ಭರವಸೆಯ ಭಾರವನ್ನು ಯಾರ ಮೇಲೆ ಇಡಬಹುದು ಎಂಬ ಪ್ರಶ್ನೆಯೇ ಅಲ್ಲಿ ತೀರ್ಮಾನಕ್ಕೆ ಬಂದು ನಿಂತಿತ್ತೆಂಬುದು ತಿಳಿಯುತ್ತದೆ.

ಮೂಲಗ್ರಂಥಗಳ ಸಾಕ್ಷ್ಯ

ಕ್ರಿಸ್ತನಿಗೂ ಸೃಷ್ಟಿಗೂ ಸಂಬಂಧವನ್ನು ಹೇಳುವ ಮಾತು ನಾಲ್ಕನೆಯ ಶತಮಾನದಲ್ಲಿ ಹೊಸದಾಗಿ ಹುಟ್ಟಿದುದಲ್ಲ. ಯೇಸು ಶಿಲುಬೆಯ ಮೇಲೆ ಮಡಿದು ಸುಮಾರು ಇಪ್ಪತ್ತೈದು ವರ್ಷಗಳಾಗುವಷ್ಟರಲ್ಲಿ ಪೌಲನು ಕೊರಿಂಥದ ಸಭೆಗೆ ಬರೆದ ಮೊದಲ ಪತ್ರಿಕೆಯಲ್ಲಿಯೇ, ಸಕಲವೂ ತಂದೆಯಾದ ದೇವರಿಂದ, ಕರ್ತನಾದ ಕ್ರಿಸ್ತನ ಮೂಲಕ ಉಂಟಾಯಿತೆಂಬ ಭಾವ ಕಾಣುತ್ತದೆ. ಕೊಲೊಸ್ಸೆಯವರಿಗೆ ಬರೆದ ಪತ್ರಿಕೆಯು ಇನ್ನೂ ಮುಂದೆ ಹೋಗಿ, ಕಾಣುವ ಮತ್ತು ಕಾಣದ ಎಲ್ಲವೂ ಅವನಲ್ಲಿ ಉಂಟಾದುದಲ್ಲದೆ ಅವನಲ್ಲಿಯೇ ಕೂಡಿಕೊಂಡು ನಿಂತಿದೆ ಎನ್ನುತ್ತದೆ. ಇಬ್ರಿಯರಿಗೆ ಬರೆದ ಪತ್ರಿಕೆಯ ಆರಂಭದಲ್ಲಿಯೂ ಲೋಕಗಳನ್ನು ಉಂಟುಮಾಡಿದ ಪುತ್ರನೇ ಅವುಗಳನ್ನು ತನ್ನ ಮಾತಿನ ಬಲದಿಂದ ಹೊತ್ತಿರುವನೆಂಬ ವಿಚಾರವಿದೆ. ಈ ಗ್ರಂಥಭಾಗಗಳಲ್ಲಿ ಗಮನಿಸತಕ್ಕ ಅಂಶವೊಂದುಂಟು. ಮಾಡುವ ಕ್ರಿಯೆಯೂ ಹೊರುವ ಕ್ರಿಯೆಯೂ ಒಂದೇ ಉಸಿರಿನಲ್ಲಿ ಬಂದಿವೆ.

ಯೋಹಾನನ ಹೆಸರಿನ ಸುವಾರ್ತೆಯು ಇದೇ ವಿಚಾರಕ್ಕೆ ಗ್ರೀಕರ ತತ್ತ್ವಶಾಸ್ತ್ರಕ್ಕೆ ಪರಿಚಿತವಾಗಿದ್ದ ಲೋಗೋಸ್ ಎಂಬ ಪದವನ್ನು ಬಳಸಿತು. ಲೋಗೋಸ್ ಎಂದರೆ ಮಾತು. ಮಾತಿನ ಹಿಂದಿರುವ ಬುದ್ಧಿ. ಜಗತ್ತಿನಲ್ಲಿ ಹಾಸುಹೊಕ್ಕಾಗಿರುವ ಕ್ರಮ. ಕನ್ನಡ ಬೈಬಲಿನಲ್ಲಿ ಇದಕ್ಕೆ 'ವಾಕ್ಯ' ಎಂಬ ಪದವನ್ನು ಇಡಲಾಗಿದೆ. ಅಲೆಕ್ಸಾಂಡ್ರಿಯದ ಯೆಹೂದಿ ಪಂಡಿತ ಫೈಲೋ ಕ್ರಿಸ್ತನ ಕಾಲದಲ್ಲಿಯೇ ಈ ಪದವನ್ನು ದೇವರ ಸೃಷ್ಟಿಕಾರ್ಯವನ್ನು ವಿವರಿಸಲು ಬಳಸಿದ್ದನು. ಆ ವಾಕ್ಯವು ಮಾಂಸಧಾರಿಯಾಗಿ ಮನುಷ್ಯರ ನಡುವೆ ವಾಸಿಸಿತೆಂದು ಸುವಾರ್ತೆಯು ಸಾರಿದಾಗ ಗ್ರೀಕ್ ಓದುಗರಿಗೆ ಅದು ಅಪೂರ್ವವಾಗಿ ಕೇಳಿಸಿರಬೇಕು.

ಪರಿಪಾಲನೆಯ ವಿಷಯದಲ್ಲಿ ಯೇಸುವಿನ ಬೋಧನೆ ತೀರ ಸರಳವಾದುದು. ಬಿತ್ತದ, ಕೊಯ್ಯದ, ಕಣಜದಲ್ಲಿ ಕೂಡಿಡದ ಹಕ್ಕಿಗಳನ್ನೂ, ನೂಲದ ಹೂಗಳನ್ನೂ ತೋರಿಸಿ ನಾಳೆಯ ಚಿಂತೆಯನ್ನು ಬಿಡಿರೆಂದು ಅವನು ಹೇಳಿದನು. ಕವಡೆಯ ಬೆಲೆಗೆ ಮಾರಾಟವಾಗುವ ಗುಬ್ಬಿಯೂ ತಂದೆಯ ಅರಿವಿನ ಹೊರಗೆ ಬೀಳದೆಂದನು. ಈ ಮಾತನ್ನು ಹೇಳಿದವನೇ ಅನಂತರ ಶಿಲುಬೆಗೇರಿದನೆಂಬುದನ್ನು ಮರೆಯಲಾಗದು. ಆದಕಾರಣ ಕ್ರೈಸ್ತರ ದೃಷ್ಟಿಯಲ್ಲಿ ಪರಿಪಾಲನೆಯೆಂದರೆ ಕಷ್ಟವೇ ಬಾರದಿರುವುದೆಂದು ಅರ್ಥ ಮಾಡುವುದಕ್ಕೆ ಮೊದಲಿನಿಂದಲೂ ಅವಕಾಶವಿರಲಿಲ್ಲ. ಆದರೂ ಹಾಗೆ ಅರ್ಥ ಮಾಡುವ ಪ್ರಲೋಭನೆ ಬಂದೇ ಬಂದಿತು.

ಆರಿಯಸನ ವಾದ

ರೋಮನ್ ಸಾಮ್ರಾಜ್ಯದಲ್ಲಿ 303ರಲ್ಲಿ ಡಯೋಕ್ಲೀಷಿಯನ್ ಚಕ್ರವರ್ತಿ ಆರಂಭಿಸಿದ ಘೋರ ಹಿಂಸೆಯಲ್ಲಿ ಈಜಿಪ್ಟಿನ ಕ್ರೈಸ್ತರು ಬಹಳ ನೊಂದರು. ಅಲೆಕ್ಸಾಂಡ್ರಿಯದ ಧರ್ಮಾಧ್ಯಕ್ಷನಾಗಿದ್ದ ಪೀಟರನು 311ರಲ್ಲಿ ತಲೆಗೊಟ್ಟನು. 313ರಲ್ಲಿ ಕಾನ್‌ಸ್ಟಂಟೈನ್ ಮತ್ತು ಲಿಸಿನಿಯಸ್ ಇಬ್ಬರೂ ಕ್ರೈಸ್ತರಿಗೆ ಧರ್ಮಸ್ವಾತಂತ್ರ್ಯವನ್ನು ಒಪ್ಪಿದರು. ಹಿಂಸೆಯ ಗಾಯ ಮಾಯುವ ಮೊದಲೇ, 318ರ ಸುಮಾರಿಗೆ, ಸಭೆಯ ಒಳಗಿನಿಂದಲೇ ಬಿರುಕು ಕಾಣಿಸಿಕೊಂಡಿತು.

ಆ ನಗರದ ಬೌಕಾಲಿಸ್ ಎಂಬ ದೇವಾಲಯದ ಪಾದ್ರಿಯಾಗಿದ್ದ ಆರಿಯಸನು ಲಿಬಿಯ ಮೂಲದವನು. ವಯಸ್ಸಿನಲ್ಲಿ ಹಿರಿಯ, ನಡತೆಯಲ್ಲಿ ನಿಷ್ಠುರ, ಮಾತಿನಲ್ಲಿ ನಿಪುಣ. ದೇವರು ಒಬ್ಬನೇ, ಅವನೊಬ್ಬನೇ ಅನಾದಿ ಎಂಬ ತತ್ತ್ವಕ್ಕೆ ಕುಂದು ಬರಬಾರದೆಂಬುದು ಅವನ ಕಾಳಜಿ. ಈ ಕಾಳಜಿಯನ್ನು ಹಗುರವಾಗಿ ಕಾಣಬಾರದು. ಪುತ್ರನೆಂದ ಮೇಲೆ ಅವನಿಗೆ ಆದಿ ಇರಲೇಬೇಕು. ಆದಿ ಇದ್ದ ಮೇಲೆ ಅವನಿಲ್ಲದಿದ್ದ ಸ್ಥಿತಿಯೂ ಇರಬೇಕು. ಆದ್ದರಿಂದ ಪುತ್ರನೂ ಶೂನ್ಯದಿಂದ ಉಂಟಾದವನು, ಸೃಷ್ಟಿಗಳಲ್ಲೆಲ್ಲ ಮೊದಲಿಗನೂ ಶ್ರೇಷ್ಠನೂ ಆದರೂ ಸೃಷ್ಟಿಯೇ. ಹೀಗೆ ಅವನ ತರ್ಕ ಸಾಗಿತು. ಹಳೆಯ ಒಡಂಬಡಿಕೆಯ ಜ್ಞಾನೋಕ್ತಿಗಳ ಎಂಟನೆಯ ಅಧ್ಯಾಯದಲ್ಲಿ ದೈವಜ್ಞಾನವು ತಾನು ಉಂಟುಮಾಡಲ್ಪಟ್ಟೆನೆಂದು ನುಡಿಯುವ ಭಾಗ ಅವನಿಗೆ ಆಧಾರವಾಯಿತು.

ಜಗತ್ತು ಕ್ರಿಸ್ತನ ಮೂಲಕ ಉಂಟಾಯಿತೆಂಬುದನ್ನು ಆರಿಯಸನು ಅಲ್ಲಗಳೆಯಲಿಲ್ಲ ಎಂಬುದನ್ನು ಇಲ್ಲಿ ಸ್ಪಷ್ಟಪಡಿಸಬೇಕು. ಅವನ ಪಕ್ಷದವರ ಪ್ರಕಾರ ದೇವರ ಕೈಯ ನೇರ ಸ್ಪರ್ಶವನ್ನು ಈ ಅಲ್ಪ ಜಗತ್ತು ತಾಳಲಾರದು. ಆದ್ದರಿಂದ ದೇವರು ಮೊದಲು ಒಬ್ಬ ಮಧ್ಯವರ್ತಿಯನ್ನು ಮಾಡಿ, ಅವನ ಮೂಲಕ ಉಳಿದುದನ್ನು ಮಾಡಿಸಿದನು. ಅರಸನು ಕೆಳಗಿನ ಕೆಲಸಕ್ಕೆ ಅಧಿಕಾರಿಯನ್ನು ನೇಮಿಸುವಂತೆ ಇದೂ ಒಂದು ವ್ಯವಸ್ಥೆ. ಕೇಳುವುದಕ್ಕೆ ಇದು ದೇವರ ಘನತೆಯನ್ನು ಹೆಚ್ಚಿಸುವ ಮಾತಿನಂತೆ ತೋರುತ್ತಿತ್ತು.

ಈ ವಾದ ಪಂಡಿತರಲ್ಲಿ ಮಾತ್ರ ಉಳಿಯಲಿಲ್ಲ. ಆರಿಯಸನು ತನ್ನ ತತ್ತ್ವವನ್ನು 'ಥಾಲಿಯ' ಎಂಬ ಪದ್ಯಕೃತಿಯಲ್ಲಿ ಹೆಣೆದನು. ಹಡಗಿನವರಿಗೆ, ಬೀಸುವವರಿಗೆ, ದಾರಿ ನಡೆಯುವವರಿಗೆ ಅವನು ಹಾಡುಗಳನ್ನು ಕಟ್ಟಿಕೊಟ್ಟನೆಂದು ಅದೇ ಪಕ್ಷಕ್ಕೆ ಒಲಿದಿದ್ದ ಚರಿತ್ರಕಾರ ಫಿಲೊಸ್ಟಾರ್ಜಿಯಸ್ ಬರೆದಿದ್ದಾನೆ. ಈ ಶತಮಾನದ ಕೊನೆಗೂ ಕಾನ್‌ಸ್ಟಾಂಟಿನೋಪಲಿನ ಪೇಟೆಯಲ್ಲಿ ನಾಣ್ಯ ಬದಲಿಸುವವನೂ ರೊಟ್ಟಿ ಮಾರುವವನೂ ವ್ಯಾಪಾರದ ಮಾತನ್ನು ಬಿಟ್ಟು ತಂದೆ ಹೆಚ್ಚೋ ಪುತ್ರ ಹೆಚ್ಚೋ ಎಂದು ಚರ್ಚಿಸುತ್ತಿದ್ದರೆಂದು ನಿಸ್ಸದ ಗ್ರೆಗರಿ ಬೇಸರದಿಂದ ದಾಖಲಿಸಿದ್ದಾನೆ.

ನಿಸೀಯ ಪರಿಷತ್ತು

324ರಲ್ಲಿ ಸಮಗ್ರ ಸಾಮ್ರಾಜ್ಯಕ್ಕೆ ಒಡೆಯನಾದ ಕಾನ್‌ಸ್ಟಂಟೈನನಿಗೆ ಈ ಕಲಹ ತಲೆನೋವಾಯಿತು. ಇಂಥ ಸಣ್ಣ ಪ್ರಶ್ನೆಗಾಗಿ ಏಕೆ ಒಡೆಯುತ್ತೀರಿ ಎಂಬರ್ಥದ ಪತ್ರವನ್ನು ಅವನು ಧರ್ಮಾಧ್ಯಕ್ಷ ಅಲೆಕ್ಸಾಂಡರನಿಗೂ ಆರಿಯಸನಿಗೂ ಬರೆದು ಕಳುಹಿಸಿದನು. ಅದರಿಂದ ಫಲ ದೊರೆಯದೆ ಹೋದಾಗ 325ರಲ್ಲಿ ನಿಸೀಯ ಪಟ್ಟಣದಲ್ಲಿ ಧರ್ಮಾಧ್ಯಕ್ಷರ ಮಹಾಪರಿಷತ್ತನ್ನು ಕರೆದನು. ಇಂದಿನ ಟರ್ಕಿಯ ಇಜ್ನಿಕ್ ಪಟ್ಟಣವೇ ಆ ನಿಸೀಯ. ಅಲ್ಲಿ 318 ಮಂದಿ ಸೇರಿದ್ದರೆಂದು ಸಂಪ್ರದಾಯ ಹೇಳುತ್ತದೆ. ನಿಜವಾದ ಸಂಖ್ಯೆ ಅದಕ್ಕಿಂತ ಕಡಮೆಯಿದ್ದಿರಬಹುದೆಂದು ಆಧುನಿಕ ವಿದ್ವಾಂಸರ ಅಭಿಪ್ರಾಯ. ಹಿಂಸೆಯ ಕಾಲದಲ್ಲಿ ಕಣ್ಣು ಕಳೆದುಕೊಂಡವರೂ, ಕಾದ ಕಬ್ಬಿಣದಿಂದ ಕೈ ಸುಡಿಸಿಕೊಂಡವರೂ ಅವರ ನಡುವೆ ಇದ್ದರೆಂದು ಹಳೆಯ ಚರಿತ್ರಕಾರರು ಬರೆದಿದ್ದಾರೆ.

ಪರಿಷತ್ತು ಒಂದು ವಿಶ್ವಾಸಪ್ರಮಾಣವನ್ನು ರಚಿಸಿತು. ಪುತ್ರನು ಮಾಡಲ್ಪಟ್ಟವನಲ್ಲ, ತಂದೆಯಿಂದ ಜನಿಸಿದವನು. ತಂದೆಯ ಸತ್ತ್ವವೇ ಅವನ ಸತ್ತ್ವ. ಪರಲೋಕದ ಮತ್ತು ಭೂಲೋಕದ ಸಮಸ್ತವೂ ಅವನ ಮೂಲಕವೇ ಉಂಟಾಯಿತು ಎಂಬುದು ಅದರ ಸಾರ. ಏಕಸತ್ತ್ವವನ್ನು ಸೂಚಿಸಲು ಬಳಸಿದ ಹೋಮೊಊಸಿಯೋಸ್ ಎಂಬ ಗ್ರೀಕ್ ಪದ ಧರ್ಮಗ್ರಂಥದಲ್ಲಿ ಇಲ್ಲದುದಾದ್ದರಿಂದ ಅನೇಕರು ಅನುಮಾನಿಸಿದರು. ಆದರೂ ಲಿಬಿಯದ ಸೆಕುಂಡಸ್ ಮತ್ತು ಥಿಯೋನಸ್ ಎಂಬ ಇಬ್ಬರು ಧರ್ಮಾಧ್ಯಕ್ಷರು ಮಾತ್ರ ಕಡೆಯವರೆಗೂ ಸಹಿಮಾಡದೆ ಆರಿಯಸನೊಡನೆ ಗಡೀಪಾರಾದರು. ಅಲೆಕ್ಸಾಂಡರನ ಜೊತೆಗೆ ಡೀಕನನಾಗಿ ಬಂದಿದ್ದ ಒಬ್ಬ ತರುಣನು ಇದನ್ನೆಲ್ಲ ನೋಡುತ್ತಿದ್ದನು. ಮೂರು ವರ್ಷಗಳ ಅನಂತರ, 328ರಲ್ಲಿ, ಅಲೆಕ್ಸಾಂಡ್ರಿಯದ ಪೀಠವೇರಿದ ಅಥನೇಸಿಯಸನು ಇವನೇ.

ಅಥನೇಸಿಯಸನ ಉತ್ತರ

ಆರಿಯಸನ ಪಕ್ಷಕ್ಕೆ ಅಥನೇಸಿಯಸನು ಕೊಟ್ಟ ಉತ್ತರದ ಬೀಜ 'ವಾಕ್ಯದ ಅವತಾರ' ಎಂಬ ಅವನ ಸಣ್ಣ ಗ್ರಂಥದಲ್ಲಿದೆ. ಗ್ರಂಥದ ಆರಂಭದಲ್ಲಿಯೇ ಅವನು ಸೃಷ್ಟಿಯ ಬಗೆಗಿನ ಮೂರು ಅಭಿಪ್ರಾಯಗಳನ್ನು ಎತ್ತಿಕೊಳ್ಳುತ್ತಾನೆ. ಜಗತ್ತು ತಾನಾಗಿ ಆಕಸ್ಮಿಕದಿಂದ ಆಯಿತು, ಕಾಯುವವರಾರೂ ಇಲ್ಲ ಎಂಬುದು ಎಪಿಕ್ಯುರಸನ ಅನುಯಾಯಿಗಳ ಮತ. ಮೊದಲೇ ಇದ್ದ ದ್ರವ್ಯದಿಂದ ದೇವರು ಜಗತ್ತನ್ನು ರೂಪಿಸಿದನೆಂಬುದು ಪ್ಲೇಟೋವಿನ ಮತ. ಕ್ರಿಸ್ತನ ತಂದೆಯೇ ಬೇರೆ, ಜಗತ್ತನ್ನು ಮಾಡಿದವನೇ ಬೇರೆ ಎಂಬುದು ಕೆಲವು ಭಿನ್ನಮತೀಯರ ವಾದ. ಮೂರನ್ನೂ ಅವನು ತಿರಸ್ಕರಿಸುತ್ತಾನೆ. ಎಲ್ಲವೂ ತಾನಾಗಿ ಆಗಿದ್ದರೆ ಸೂರ್ಯ, ಚಂದ್ರ, ಭೂಮಿ ಎಂಬ ಭೇದವೂ ಕ್ರಮವೂ ಎಲ್ಲಿಂದ ಬರಬೇಕು? ಇದ್ದ ಮರದಿಂದ ಬಡಗಿಯು ಪೆಟ್ಟಿಗೆ ಮಾಡಿದಂತೆ ದೇವರೂ ಮಾಡಿದನೆಂದರೆ ಅವನು ಕುಶಲಕರ್ಮಿಯಾದನೇ ಹೊರತು ಕರ್ತನಾಗಲಿಲ್ಲ.

ಆದಿಯಲ್ಲಿ ಮಾಡಿದವನೇ ಕೆಟ್ಟುಹೋದುದನ್ನು ಮರಳಿ ಮಾಡಬಲ್ಲನೆಂಬುದು ಆ ಗ್ರಂಥದ ಪ್ರಧಾನ ವಿಚಾರ. ಇದಕ್ಕೆ ಅವನು ಕೊಡುವ ದೃಷ್ಟಾಂತ ಮನೋಹರವಾಗಿದೆ. ಹಲಗೆಯ ಮೇಲೆ ಬರೆದ ಭಾವಚಿತ್ರ ಕೊಳೆಯಿಂದ ಅಳಿಸಿಹೋದರೆ ಆ ಹಲಗೆಯನ್ನು ಯಾರೂ ಎಸೆಯುವುದಿಲ್ಲ. ಚಿತ್ರದಲ್ಲಿದ್ದ ವ್ಯಕ್ತಿ ಮತ್ತೊಮ್ಮೆ ಬಂದು ಕುಳಿತರೆ ಅದೇ ಹಲಗೆಯ ಮೇಲೆ ಅದೇ ರೂಪವನ್ನು ತಿದ್ದಬಹುದು. ಮನುಷ್ಯನಲ್ಲಿ ಮಾಸಿದ ದೇವರ ರೂಪವನ್ನು ತಿದ್ದುವುದಕ್ಕೆ ಆ ರೂಪದ ಮೂಲವೇ ಬರಬೇಕಾಯಿತು. ಬೇರೊಬ್ಬ ಪ್ರತಿನಿಧಿ ಬಂದರೆ ಸಾಲದು.

ಎರಡನೆಯ ಗಡೀಪಾರಿನ ಸುಮಾರಿಗೆ ಬರೆದ 'ಆರಿಯಸ್‌ಪಂಥದವರ ವಿರುದ್ಧ' ಎಂಬ ಪ್ರಬಂಧಗಳಲ್ಲಿ ವಾದ ಇನ್ನೂ ಹರಿತವಾಗುತ್ತದೆ. ಜಗತ್ತು ದೇವರ ನೇರ ಸ್ಪರ್ಶವನ್ನು ತಾಳದೆಂಬ ಕಾರಣದಿಂದ ಮಧ್ಯವರ್ತಿ ಬೇಕಾದರೆ, ಆ ಮಧ್ಯವರ್ತಿಯೂ ಸೃಷ್ಟಿಯೇ ಆದ್ದರಿಂದ ಅವನನ್ನು ಮಾಡುವುದಕ್ಕೆ ಇನ್ನೊಬ್ಬ ಮಧ್ಯವರ್ತಿ ಬೇಕು, ಅವನಿಗೆ ಮತ್ತೊಬ್ಬ. ಹೀಗೆ ಕೊನೆಯಿಲ್ಲದೆ ಹೋಗಿ ಸೃಷ್ಟಿಯೇ ಅಸಾಧ್ಯವಾಗುತ್ತದೆ. ನಮ್ಮ ತರ್ಕಶಾಸ್ತ್ರದ ಭಾಷೆಯಲ್ಲಿ ಹೇಳುವುದಾದರೆ ಇದು ಅನವಸ್ಥಾದೋಷ.

ಅನಂತರ ಅವನು ಎತ್ತುವ ಮಾತು ಪ್ರಕೃತ ವಿಷಯದ ಹೃದಯವೆನ್ನಬಹುದು. ಸಣ್ಣ ವಸ್ತುಗಳನ್ನು ತಾನೇ ಮಾಡುವುದು ದೇವರ ಘನತೆಗೆ ತಕ್ಕುದಲ್ಲವೆಂದು ಎದುರಾಳಿಗಳು ಹೇಳುತ್ತಾರೆ. ಆದರೆ ತಲೆಯ ಕೂದಲನ್ನೂ ಗುಬ್ಬಿಯನ್ನೂ ಹೊಲದ ಹುಲ್ಲನ್ನೂ ದೇವರು ಪರಾಮರಿಸುತ್ತಾನೆಂದು ಯೇಸುವೇ ಕಲಿಸಿದನಲ್ಲವೆ? ಅವುಗಳನ್ನು ಕಾಯುವುದು ದೇವರಿಗೆ ಅವಮಾನವಲ್ಲವಾದರೆ ಮಾಡುವುದು ಹೇಗೆ ಅವಮಾನವಾದೀತು? ಯಾವುದನ್ನು ಕಾಯುತ್ತಾನೋ ಅದನ್ನು ಅವನು ತನ್ನ ವಾಕ್ಯದ ಮೂಲಕ ತಾನೇ ಮಾಡಿದನು. ಹೀಗೆ ಗುಬ್ಬಿಯ ಬೋಧನೆಯನ್ನು ಅಥನೇಸಿಯಸನು ಮಹಾಪರಿಷತ್ತಿನ ತತ್ತ್ವಕ್ಕೆ ಆಧಾರವಾಗಿ ತಂದು ನಿಲ್ಲಿಸಿದನು. ಪರಿಪಾಲನೆಯಲ್ಲಿ ಭರವಸೆಯಿಡುವ ಸಾಮಾನ್ಯ ಭಕ್ತನ ಮನಸ್ಸು, ತಿಳಿದೋ ತಿಳಿಯದೆಯೋ, ಸೃಷ್ಟಿಕರ್ತನೇ ತನ್ನ ಬಳಿಗೆ ಬಂದಿದ್ದಾನೆಂಬ ನಂಬಿಕೆಯನ್ನು ಒಳಗೊಂಡಿದೆ ಎಂಬುದು ಇದರ ತಾತ್ಪರ್ಯ. ಆರಿಯಸನ ದೇವರು ಬಹು ಘನವಾದವನು, ಆದರೆ ಬಹು ದೂರದವನು. ಅವನು ಕಳುಹಿಸಿದ ಪ್ರತಿನಿಧಿ ಹತ್ತಿರ ಬಂದನು, ಆದರೆ ಅವನೂ ನಮ್ಮಂತೆ ಇನ್ನೊಬ್ಬನ ಆಸರೆಯಲ್ಲಿ ಇರುವವನು. ಇಂಥವನ ಮೇಲೆ ಭಾರ ಹೊರಿಸಿದರೆ ಅದು ಎಲ್ಲಿ ಹೋಗಿ ನಿಂತೀತು?

ಭರವಸೆಯ ಪರೀಕ್ಷೆ

ತತ್ತ್ವ ಎಷ್ಟೇ ಗಟ್ಟಿಯಾಗಿರಲಿ, ಬಾಳಿನಲ್ಲಿ ಅದಕ್ಕೆ ಪರೀಕ್ಷೆ ತಪ್ಪದು. ನಲವತ್ತೈದು ವರ್ಷಗಳ ಕಾಲ ಧರ್ಮಾಧ್ಯಕ್ಷನಾಗಿದ್ದ ಅಥನೇಸಿಯಸನು ಐದು ಸಲ ತನ್ನ ಪೀಠವನ್ನು ಬಿಟ್ಟು ಹೋಗಬೇಕಾಯಿತು. ಸುಮಾರು ಹದಿನೇಳು ವರ್ಷಗಳು ಹೊರಗೆಯೇ ಕಳೆದವು. 335ರಲ್ಲಿ ಟೈರ್ ಪಟ್ಟಣದ ಪರಿಷತ್ತು ಅವನ ಮೇಲೆ ಹಲವು ಆಪಾದನೆಗಳನ್ನು ಹೊರಿಸಿತು. ಆರ್ಸೀನಿಯಸ್ ಎಂಬ ಧರ್ಮಾಧ್ಯಕ್ಷನನ್ನು ಕೊಲ್ಲಿಸಿ ಅವನ ಕೈಯನ್ನು ಕತ್ತರಿಸಿದನೆಂಬುದು ಒಂದು. ಸತ್ತನೆನ್ನಲಾದ ಆರ್ಸೀನಿಯಸನು ಎರಡು ಕೈಗಳೊಡನೆ ಜೀವಂತವಾಗಿ ಕಾಣಿಸಿಕೊಂಡನು. ಅಲೆಕ್ಸಾಂಡ್ರಿಯದಿಂದ ರಾಜಧಾನಿಗೆ ಹೋಗುವ ಧಾನ್ಯದ ಹಡಗುಗಳನ್ನು ತಡೆಯುವೆನೆಂದು ಬೆದರಿಸಿದನೆಂಬ ಮಾತು ಚಕ್ರವರ್ತಿಯ ಕಿವಿಗೆ ಬಿದ್ದ ಮೇಲೆ ಕಾನ್‌ಸ್ಟಂಟೈನನು ಅವನನ್ನು ದೂರದ ಟ್ರಿಯರ್ ನಗರಕ್ಕೆ ಅಟ್ಟಿದನು.

ಅಥನೇಸಿಯಸನ ಕೈ ಸರ್ವಥಾ ನಿರ್ಮಲವಾಗಿತ್ತೆಂದು ಹೇಳುವಂತಿಲ್ಲ. ಮೆಲೀಷಿಯಸನ ಪಂಥದವರೊಡನೆ ಅವನ ಕಡೆಯವರು ಒರಟಾಗಿ ನಡೆದುಕೊಂಡರೆಂಬುದಕ್ಕೆ 1924ರಲ್ಲಿ ಪ್ರಕಟವಾದ ಸಮಕಾಲೀನ ಪಪೈರಸ್ ಪತ್ರವೊಂದು ಸಾಕ್ಷ್ಯ ಒದಗಿಸಿದೆ. ಸತ್ಯವನ್ನು ಹಿಡಿದವನು ಸದಾ ಸೌಮ್ಯನಾಗಿರುತ್ತಾನೆಂಬ ನಿಯಮವಿಲ್ಲ. ಇತಿಹಾಸವನ್ನು ಬರೆಯುವವರು ಇದನ್ನು ಮುಚ್ಚಬೇಕಾದ ಕಾರಣವೂ ಇಲ್ಲ.

356ರ ಫೆಬ್ರವರಿಯ ಒಂದು ರಾತ್ರಿ ಅವನ ಬಾಳಿನ ಪರಾಕಾಷ್ಠೆ. ಆಗಿನ ಚಕ್ರವರ್ತಿ, ಕಾನ್‌ಸ್ಟಂಟೈನನ ಮಗ ಕಾನ್‌ಸ್ಟಾಂಟಿಯಸ್, ನಿಸೀಯ ತತ್ತ್ವಕ್ಕೆ ವಿರೋಧಿ. ಅಲೆಕ್ಸಾಂಡ್ರಿಯದ ಥಿಯೋನಸ್ ದೇವಾಲಯದಲ್ಲಿ ಜನರು ಜಾಗರಣೆಯಲ್ಲಿದ್ದರು. ಸೇನಾಪತಿ ಸಿರಿಯಾನಸನು ಐದು ಸಾವಿರಕ್ಕೂ ಹೆಚ್ಚು ಸೈನಿಕರೊಡನೆ ಬಂದು ಅದನ್ನು ಸುತ್ತುವರಿದನೆಂದು ಅಥನೇಸಿಯಸನೇ ಬರೆದಿದ್ದಾನೆ. ಓಡಿಹೋಗುವ ಬದಲು ಅವನು ತನ್ನ ಆಸನದಲ್ಲಿ ಕುಳಿತು, ಡೀಕನನಿಗೆ ಒಂದು ಕೀರ್ತನೆಯನ್ನು ಓದಲು ಹೇಳಿದನು. ಪ್ರತಿಯೊಂದು ಪಂಕ್ತಿಯ ಕೊನೆಗೂ ದೇವರ ಕೃಪೆ ಶಾಶ್ವತವೆಂಬ ಪಲ್ಲವಿಯನ್ನು ಜನರೆಲ್ಲ ಕೂಡಿ ಹೇಳುತ್ತಿದ್ದರು. ಆ ಕೀರ್ತನೆ ಇಂದಿನ ಎಣಿಕೆಯಲ್ಲಿ 136ನೆಯದು. ಅದು ಆಕಾಶವನ್ನು ಮಾಡಿದುದರಿಂದ, ನೀರಿನ ಮೇಲೆ ಭೂಮಿಯನ್ನು ಹರಡಿದುದರಿಂದ, ಸೂರ್ಯಚಂದ್ರರನ್ನು ನಿಲ್ಲಿಸಿದುದರಿಂದ ಆರಂಭವಾಗಿ, ದಾಸ್ಯದಿಂದ ಜನರನ್ನು ಬಿಡಿಸಿದುದನ್ನು ಹೇಳಿ, ಎಲ್ಲ ಜೀವಿಗಳಿಗೂ ಅನ್ನವೀಯುವವನ ಸ್ಮರಣೆಯಲ್ಲಿ ಕೊನೆಗೊಳ್ಳುತ್ತದೆ. ಸೃಷ್ಟಿಯೂ ಪರಿಪಾಲನೆಯೂ ಒಂದೇ ಪಲ್ಲವಿಯಲ್ಲಿ ಕೂಡುವ ಇಂಥ ಕೀರ್ತನೆಯನ್ನೇ ಅವನು ಆ ಹೊತ್ತಿನಲ್ಲಿ ಆರಿಸಿಕೊಂಡನು. ಬಾಗಿಲು ಮುರಿಯಿತು, ಬಾಣಗಳು ಹಾರಿದವು, ಕೆಲವರು ತುಳಿತಕ್ಕೆ ಸಿಕ್ಕಿ ಸತ್ತರು. ಜನರು ಹೊರಗೆ ಹೋಗುವವರೆಗೆ ತಾನು ಏಳೆನೆಂದು ಹಟ ಹಿಡಿದಿದ್ದ ಅಥನೇಸಿಯಸನನ್ನು ಸಂನ್ಯಾಸಿಗಳು ಎಳೆದುಕೊಂಡು ಹೋಗಿ ಪಾರುಮಾಡಿದರು.

ಅನಂತರದ ಆರು ವರ್ಷಗಳನ್ನು ಅವನು ಈಜಿಪ್ಟಿನ ಮರುಭೂಮಿಯ ಸಂನ್ಯಾಸಿಗಳ ನಡುವೆ ಅಡಗಿ ಕಳೆದನು. ಹೇಡಿಯೆಂದು ಜರೆದವರಿಗೆ ಉತ್ತರವಾಗಿ ಒಂದು ಸಮರ್ಥನಗ್ರಂಥವನ್ನು ಬರೆದನು. ಪ್ರತಿಯೊಬ್ಬನ ಕಾಲವೂ ದೇವರ ಕೈಯಲ್ಲಿದೆ. ಗಳಿಗೆ ಬಾರದ ಮುನ್ನ ಸಾವಿನ ಬಾಯಿಗೆ ಬೀಳುವುದು ಭರವಸೆಯ ಲಕ್ಷಣವಲ್ಲ, ಗಳಿಗೆ ಬಂದಾಗ ಹಿಂಜರಿಯುವುದೂ ಅಲ್ಲ. ಯೇಸುವೂ ತನ್ನ ವೇಳೆ ಬರುವವರೆಗೆ ಮರೆಯಾಗುತ್ತಿದ್ದನು ಎಂಬುದು ಅವನ ವಾದ. ಪರಿಪಾಲನೆಯಲ್ಲಿ ನಂಬಿಕೆಯೆಂದರೆ ವಿವೇಕವನ್ನು ಬಿಟ್ಟುಕೊಡುವುದೆಂದು ತಿಳಿಯುವವರಿಗೆ ಈ ಮಾತು ಇಂದಿಗೂ ಉತ್ತರವಾಗಿದೆ.

ಗೆಲುವಿನ ಅಳತೆಗೋಲು

ಅಥನೇಸಿಯಸನ ಸಮಕಾಲೀನನಾಗಿ ಇನ್ನೊಂದು ಬಗೆಯ ಪರಿಪಾಲನಾತತ್ತ್ವವನ್ನು ಪ್ರತಿನಿಧಿಸಿದವನು ಸಿಸೇರಿಯದ ಯೂಸೀಬಿಯಸ್. ಕ್ರೈಸ್ತಸಭೆಯ ಮೊದಲ ದೊಡ್ಡ ಚರಿತ್ರಕಾರನೆಂಬ ಕೀರ್ತಿ ಅವನದು; ಅವನಿಲ್ಲದಿದ್ದರೆ ಆ ಕಾಲದ ಎಷ್ಟೋ ದಾಖಲೆಗಳು ನಮಗೆ ಉಳಿಯುತ್ತಿರಲಿಲ್ಲ. ಹಿಂಸೆಯನ್ನು ಕಣ್ಣಾರೆ ಕಂಡಿದ್ದ ಅವನಿಗೆ ಕಾನ್‌ಸ್ಟಂಟೈನನ ಏಳಿಗೆ ದೇವರ ಕೈವಾಡವಾಗಿಯೇ ತೋರಿತು. 325ರಲ್ಲಿ ಚಕ್ರವರ್ತಿಯ ಇಪ್ಪತ್ತನೆಯ ವರ್ಷದ ಔತಣಕ್ಕಾಗಿ ಧರ್ಮಾಧ್ಯಕ್ಷರು ಹಿರಿದ ಕತ್ತಿಗಳ ಸಾಲಿನ ನಡುವೆ ನಿರ್ಭಯವಾಗಿ ಅರಮನೆಯನ್ನು ಹೊಕ್ಕ ದೃಶ್ಯ ಅವನಿಗೆ ಕ್ರಿಸ್ತನ ರಾಜ್ಯದ ಪ್ರತಿಬಿಂಬದಂತೆ ಕಂಡಿತು. 336ರಲ್ಲಿ ಆಳ್ವಿಕೆಯ ಮೂವತ್ತನೆಯ ವರ್ಷಕ್ಕೆ ಅವನು ಮಾಡಿದ ಭಾಷಣದಲ್ಲಿ ಚಕ್ರವರ್ತಿಯ ಆಳ್ವಿಕೆ ವಾಕ್ಯದ ಆಳ್ವಿಕೆಯ ಪ್ರತಿರೂಪವಾಗಿಬಿಟ್ಟಿತು.

ಕತ್ತಿಯ ಕೆಳಗೆ ಬಾಳಿದವರಿಗೆ ಕತ್ತಿಯು ಒರೆಯನ್ನು ಸೇರಿದಾಗ ಆಗುವ ಸಮಾಧಾನ ಸಹಜವಾದುದು. ಆದರೆ ಪರಿಪಾಲನೆಯನ್ನು ಗೆಲುವಿನಿಂದ ಅಳೆಯುವುದರಲ್ಲಿ ಅಪಾಯವುಂಟು. ಅದೇ ಅರಮನೆಯ ಕೃಪೆ ಮುಂದಿನ ವರ್ಷಗಳಲ್ಲಿ ಎದುರು ಪಕ್ಷಕ್ಕೆ ಹೋಯಿತು. ಕಾನ್‌ಸ್ಟಂಟೈನನು 337ರಲ್ಲಿ ಮರಣಶಯ್ಯೆಯಲ್ಲಿ ದೀಕ್ಷಾಸ್ನಾನ ಪಡೆದದ್ದು ಆರಿಯಸನಿಗೆ ಬೆಂಬಲವಾಗಿ ನಿಂತಿದ್ದ ನಿಕೊಮೀಡಿಯದ ಯೂಸೀಬಿಯಸನಿಂದ. 359ರಲ್ಲಿ ಕೂಡಿದ ಪರಿಷತ್ತುಗಳು ಚಕ್ರವರ್ತಿಯ ಒತ್ತಾಯಕ್ಕೆ ಮಣಿದು ನಿಸೀಯದ ಪದವನ್ನು ಕೈಬಿಟ್ಟವು. ಗೆಲುವೇ ಸಾಕ್ಷಿಯಾಗಿದ್ದರೆ ಅಂದು ಸತ್ಯ ಆರಿಯಸನ ಕಡೆಗೆ ಇತ್ತೆಂದು ಒಪ್ಪಬೇಕಾಗುತ್ತಿತ್ತು. ಜಗತ್ತಿಗೆ ಎದುರಾಗಿ ಒಬ್ಬ ಅಥನೇಸಿಯಸ್ ಎಂಬ ಗಾದೆಯಂಥ ಮಾತು ಹುಟ್ಟಿದ್ದು ಈ ಸ್ಥಿತಿಯ ನೆನಪಿನಿಂದ.

373ರಲ್ಲಿ ಅವನು ತನ್ನ ನಗರದಲ್ಲಿಯೇ ತೀರಿಕೊಂಡನು. ಪೂರ್ವ ಸಾಮ್ರಾಜ್ಯವನ್ನು ಆಗ ಆಳುತ್ತಿದ್ದ ವಾಲೆನ್ಸ್ ಆರಿಯಸ್‌ಪಕ್ಷದವನೇ. ನಿಸೀಯದ ತತ್ತ್ವವನ್ನು ದೃಢಪಡಿಸಿದ ಕಾನ್‌ಸ್ಟಾಂಟಿನೋಪಲ್ ಪರಿಷತ್ತು ಕೂಡಿದ್ದು 381ರಲ್ಲಿ. ತಾನು ಹೋರಾಡಿದ ತತ್ತ್ವದ ಜಯವನ್ನು ಅವನು ಕಾಣಲಿಲ್ಲ.

ಕಣಜ ಮತ್ತು ಕೊಪ್ಪರಿಗೆ

ಅದೇ ಕಾಲದಲ್ಲಿ ಕಪದೋಕ್ಯ ಪ್ರಾಂತದಲ್ಲಿ ನಿಸೀಯ ತತ್ತ್ವವನ್ನು ಎತ್ತಿಹಿಡಿದ ಬಾಸಿಲನು ಪರಿಪಾಲನೆಯ ಮತ್ತೊಂದು ಮುಖವನ್ನು ತೋರಿಸಿದನು. 369ರ ಸುಮಾರಿಗೆ ಆ ಸೀಮೆಗೆ ಘೋರ ಬರ ಬಂದಿತು. ಸಮುದ್ರದಿಂದ ದೂರವಾದ ನಾಡಾದ್ದರಿಂದ ಹೊರಗಿನ ಧಾನ್ಯ ಬರುವಂತಿರಲಿಲ್ಲ. ಧನಿಕರು ಬೆಲೆ ಏರಲೆಂದು ಕಣಜಗಳನ್ನು ಮುಚ್ಚಿದ್ದರು. ಸಕಲವನ್ನೂ ಮಾಡಿದವನು ಎಲ್ಲರಿಗಾಗಿ ಮಾಡಿದನು; ಕೂಡಿಟ್ಟ ರೊಟ್ಟಿ ಹಸಿದವನ ಸೊತ್ತು ಎಂಬರ್ಥದಲ್ಲಿ ಬಾಸಿಲನು ಉಪದೇಶಿಸಿ, ಮಾತಿನ ಬಲದಿಂದಲೇ ಕಣಜಗಳನ್ನು ತೆರೆಸಿದನು. ಹಸಿದವರನ್ನು ಒಂದೆಡೆ ಸೇರಿಸಿ, ಕೊಪ್ಪರಿಗೆಗಳಲ್ಲಿ ಬಟಾಣಿಯ ಸಾರು ಕಾಯಿಸಿ ತಾನೇ ಬಡಿಸಿದನೆಂದು ಅವನ ಸ್ನೇಹಿತ ನಾಜಿಯಾಂಜಸದ ಗ್ರೆಗರಿ ವರ್ಣಿಸಿದ್ದಾನೆ. ಮುಂದೆ ಧರ್ಮಾಧ್ಯಕ್ಷನಾದ ಮೇಲೆ ಸಿಸೇರಿಯ ನಗರದ ಹೊರಗೆ ರೋಗಿಗಳಿಗೂ ಕುಷ್ಠದವರಿಗೂ ದಾರಿಹೋಕರಿಗೂ ದೊಡ್ಡ ಆಶ್ರಯವೊಂದನ್ನು ಕಟ್ಟಿಸಿದನು. ಆದಿಕಾಂಡದ ಸೃಷ್ಟಿಕಥೆಯ ಮೇಲೆ ಒಂಬತ್ತು ಉಪನ್ಯಾಸಗಳನ್ನು ಮಾಡಿ, ಮೀನು, ಹಕ್ಕಿ, ಗಿಡಗಳಲ್ಲಿ ಕಾಣುವ ದೇವರ ಪರಾಮರಿಕೆಯನ್ನು ಕುಶಲಕರ್ಮಿಗಳಿಗೂ ತಿಳಿಯುವಂತೆ ವಿವರಿಸಿದವನೂ ಇವನೇ. ಹಕ್ಕಿಯನ್ನು ದೇವರು ಸಲಹುತ್ತಾನೆಂದು ಬೋಧಿಸುವವನ ಕೈಯಲ್ಲಿ ಸೌಟು ಇರಬೇಕೆಂಬುದನ್ನು ಅವನು ಬಾಳಿ ತೋರಿಸಿದನು.

ರೋಮಿನ ಪತನ

ಪರಿಪಾಲನೆಯ ತತ್ತ್ವಕ್ಕೆ ಅತ್ಯಂತ ಕಠಿನವಾದ ಒರೆಗಲ್ಲು 410ರಲ್ಲಿ ಒದಗಿತು. ಆ ವರ್ಷದ ಆಗಸ್ಟ್ ತಿಂಗಳಲ್ಲಿ ಗಾಥರ ನಾಯಕ ಅಲಾರಿಕನು ರೋಮ್ ನಗರವನ್ನು ಹೊಕ್ಕು ಸೂರೆಮಾಡಿದನು. ಈ ಗಾಥರು ಕ್ರೈಸ್ತರೇ ಆಗಿದ್ದರು. ಅವರದು ಆರಿಯಸ್‌ಪಕ್ಷದ ವಿಶ್ವಾಸ. ಹಿಂದಿನ ಶತಮಾನದಲ್ಲಿ ಉಲ್ಫಿಲಸನು ಬೈಬಲನ್ನು 'ಗಾಥಿಕ್' ಭಾಷೆಗೆ ತಂದು ಅವರಲ್ಲಿ ಆ ಧರ್ಮವನ್ನು ಬಿತ್ತಿದ್ದನು. ಹಳೆಯ ದೇವತೆಗಳನ್ನು ಬಿಟ್ಟುದರಿಂದಲೇ ರೋಮಿಗೆ ಈ ಗತಿ ಬಂದಿತೆಂದು ಪುರಾತನ ಮತದವರು ದೂರಿದರು. ಯೂಸೀಬಿಯಸನ ತತ್ತ್ವವನ್ನು ಹಿಡಿದಿದ್ದವರಲ್ಲಿ ಇದಕ್ಕೆ ಉತ್ತರವಿರಲಿಲ್ಲ. ಗೆಲುವು ದೇವರ ಒಲವಿನ ಗುರುತಾಗಿದ್ದರೆ ಸೋಲು ಯಾವುದರ ಗುರುತು?

ಉತ್ತರ ಆಫ್ರಿಕದ ಹಿಪ್ಪೋ ಪಟ್ಟಣದ ಧರ್ಮಾಧ್ಯಕ್ಷ ಅಗಸ್ಟೀನನು 413ರಿಂದ 426ರವರೆಗೆ 'ದೇವನಗರ' ಎಂಬ ಇಪ್ಪತ್ತೆರಡು ಭಾಗಗಳ ಗ್ರಂಥದಲ್ಲಿ ಇದಕ್ಕೆ ಉತ್ತರ ಬರೆದನು. ದೇವರು ಸುಖವನ್ನೂ ದುಃಖವನ್ನೂ ಒಳ್ಳೆಯವರಿಗೂ ಕೆಟ್ಟವರಿಗೂ ಹಂಚುತ್ತಾನೆ. ಪ್ರತಿಯೊಂದು ಪಾಪಕ್ಕೂ ಈಗಲೇ ಶಿಕ್ಷೆಯಾಗಿಬಿಟ್ಟರೆ ಕೊನೆಯ ತೀರ್ಪಿಗೆ ಏನೂ ಉಳಿಯದೆಂದು ಜನ ಭಾವಿಸುವರು. ಯಾವುದಕ್ಕೂ ಆಗದಿದ್ದರೆ ಕಾಯುವವನೇ ಇಲ್ಲವೆನ್ನುವರು. ಒಂದೇ ಬೆಂಕಿಯಲ್ಲಿ ಚಿನ್ನ ಹೊಳೆಯುತ್ತದೆ, ಹೊಟ್ಟು ಹೊಗೆಯಾಡುತ್ತದೆ. ಬಂದ ಕಷ್ಟ ಒಂದೇ ಆದರೂ ಅದನ್ನು ಅನುಭವಿಸುವವರು ಒಂದೇ ಆಗಿರುವುದಿಲ್ಲ. ಹೀಗೆ ಅಗಸ್ಟೀನನು ಪರಿಪಾಲನೆಯನ್ನು ಸಾಮ್ರಾಜ್ಯದ ಭಾಗ್ಯದಿಂದ ಬಿಡಿಸಿದನು. ಅಥನೇಸಿಯಸನು ಬಾಳಿ ತೋರಿಸಿದುದಕ್ಕೆ ಅವನು ಶಾಸ್ತ್ರದ ರೂಪ ಕೊಟ್ಟನೆನ್ನಬಹುದು.

ಅವನ ಅಂತ್ಯವೂ ಗಮನಾರ್ಹವಾದುದು. 430ರಲ್ಲಿ ವ್ಯಾಂಡಲರು ಹಿಪ್ಪೋವನ್ನು ಮುತ್ತಿದರು, ಅವರೂ ಆರಿಯಸ್‌ಪಕ್ಷದವರೇ. ಜ್ವರದಿಂದ ಮಲಗಿದ್ದ ಅಗಸ್ಟೀನನು ಪಶ್ಚಾತ್ತಾಪದ ಕೀರ್ತನೆಗಳನ್ನು ಬರೆಯಿಸಿ ಗೋಡೆಯ ಮೇಲೆ ಹಚ್ಚಿಸಿಕೊಂಡು ಅವುಗಳನ್ನು ಓದುತ್ತ ಪ್ರಾಣಬಿಟ್ಟನೆಂದು ಅವನ ಶಿಷ್ಯ ಪೊಸಿಡಿಯಸ್ ಬರೆದಿದ್ದಾನೆ. ಮುತ್ತಿಗೆ ತೆರವಾದುದನ್ನು ಅವನು ನೋಡಲಿಲ್ಲ.

ಉಪಸಂಹಾರ

ನಿಸೀಯ ಪರಿಷತ್ತಿಗೆ 2025ರಲ್ಲಿ 1700 ವರ್ಷಗಳು ತುಂಬಿದವು. ಅಲ್ಲಿ ರೂಪುಗೊಂಡು 381ರಲ್ಲಿ ಪೂರ್ಣಗೊಂಡಿತೆನ್ನಲಾದ ವಿಶ್ವಾಸಪ್ರಮಾಣವನ್ನು ರೋಮನ್ ಕಥೋಲಿಕರೂ ಪೂರ್ವದೇಶದ ಸಭೆಗಳವರೂ ಅನೇಕ ಪ್ರಾಟೆಸ್ಟಂಟರೂ ಇಂದಿಗೂ ಪಠಿಸುತ್ತಾರೆ. ಕನ್ನಡನಾಡಿನ ದೇವಾಲಯಗಳಲ್ಲಿಯೂ ಅದು ಕನ್ನಡದಲ್ಲಿ ಕೇಳಿಬರುತ್ತದೆ. ಪಠಿಸುವವರಲ್ಲಿ ಎಷ್ಟು ಮಂದಿ ಆ ಮಾತುಗಳ ಹಿಂದಿರುವ ರಾತ್ರಿಗಳನ್ನು ನೆನೆಯುವರೋ ಹೇಳಲಾಗದು.

ಆ ಪ್ರಮಾಣದ ರಚನೆಯನ್ನು ಗಮನವಿಟ್ಟು ನೋಡಿದರೆ ಒಂದು ಸಂಗತಿ ಕಾಣುತ್ತದೆ. ಯಾರ ಮೂಲಕ ಸಮಸ್ತವೂ ಉಂಟಾಯಿತೆಂದು ಅದು ಹೇಳುತ್ತದೆಯೋ, ಬಾಧೆಪಟ್ಟವನು ಅವನೇ ಎಂದು ಮುಂದೆ ಹೇಳುತ್ತದೆ. ಎರಡು ಕ್ರಿಯೆಗಳಿಗೂ ಕರ್ತೃ ಒಬ್ಬನೇ. ಆರಿಯಸನಿಗೆ ಒಪ್ಪಲಾಗದೆ ಹೋದದ್ದು ಇದೇ. ಅಥನೇಸಿಯಸನು ಬಿಟ್ಟುಕೊಡಲಾಗದೆ ಹೋದದ್ದೂ ಇದೇ. ಲೋಕವನ್ನು ಮಾಡಿದವನು ದೂರದಲ್ಲಿ ಕುಳಿತು ಬೇರೊಬ್ಬನನ್ನು ನೋವಿಗೆ ಒಡ್ಡಿದ್ದರೆ ಅವನ ಪರಿಪಾಲನೆಯಲ್ಲಿ ನಂಬಿಕೆಯಿಡುವುದು ನೊಂದವನಿಗೆ ಕಷ್ಟವಾಗುತ್ತಿತ್ತು. ಮಾಡಿದವನೇ ಬಂದು ನೊಂದನೆಂಬ ವಿಶ್ವಾಸದಿಂದ, ಬಾಗಿಲು ಮುರಿಯುತ್ತಿದ್ದ ಆ ರಾತ್ರಿ ಥಿಯೋನಸ್ ದೇವಾಲಯದ ಜನರು, ಆಕಾಶವನ್ನು ಮಾಡಿದವನ ಕೃಪೆ ಶಾಶ್ವತವೆಂಬ ಪಲ್ಲವಿಯನ್ನು ಕೊನೆಯವರೆಗೂ ಹೇಳಬಲ್ಲವರಾದರು.